ನಾಲ್ಕು ಗ್ರಾಂ ಆಸರೆ

ಎಂಟು ವರ್ಷವಾದರೂ ಇಬ್ಬನಿ ತನ್ನ ತಂದೆಯನ್ನು ಒಮ್ಮೆಯೂ ‘ಅಪ್ಪಾ’ ಎಂದು ಕರೆದವಳಲ್ಲ. ಅಪ್ಪಿಕೊಂಡವಳೂ ಅಲ್ಲ, ಯಾರಾದರೂ ಅಪ್ಪಿಕೊಳ್ಳಲು ಹೋದರೆ ಕೊಸರಿಕೊಂಡು ಓಡುವವಳು. ಆಟಿಸಂ ಇರುವ ಕೆಲವು ಮಕ್ಕಳು ಹೀಗಿರುತ್ತಾರೆ ಎಂದು ತಿಳಿದವರು ಹೇಳಿದ್ದರು, ತೋಂಟದಾರ್ಯ ಒಪ್ಪಿಕೊಂಡಿದ್ದ. ಒಪ್ಪಿಕೊಳ್ಳಲು ಅವನಿಗೊಂದು ಧೈರ್ಯವಿತ್ತು. ನಿಂತಾಗಲೆಲ್ಲ ಇಬ್ಬನಿ ತನ್ನ ಬಲಗೈಯ ತೋರುಬೆರಳನ್ನು ತಂದು ಅವನ ಎಡ ಮಣಿಕಟ್ಟಿನ ಮೂಳೆಯ ಮೇಲೆ ಇಡುತ್ತಿದ್ದಳು. ಹಿಡಿಯುತ್ತಿರಲಿಲ್ಲ, ಎಳೆಯುತ್ತಿರಲಿಲ್ಲ, ಮುಖವನ್ನಂತೂ ನೋಡುತ್ತಲೇ ಇರಲಿಲ್ಲ. ಬೆರಳ ತುದಿಯನ್ನು ಅಲ್ಲಿಟ್ಟು, ತಾನು ಎಲ್ಲೋ ನೋಡುತ್ತ, ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ಓಲಾಡುತ್ತ ನಿಂತಿರುತ್ತಿದ್ದಳು.

“ಅಪ್ಪನ ಬಾಲ ಕಣ್ರೀ ಇದು,” ಎಂದು ತಿಪಟೂರಿನ ಅವರ ಬೀದಿಯವರು ನಗುತ್ತಿದ್ದರು. ತೋಂಟದಾರ್ಯ ಹೊರಗೆ ಗಂಭೀರವಾಗಿದ್ದು ಒಳಗೇ ಹಿಗ್ಗುತ್ತಿದ್ದ. ಆ ಬೆರಳಿಗೆ ಜಾಗ ಬೇಕೆಂದು ಅವನು ಗಡಿಯಾರವನ್ನು ಬಲಗೈಗೆ ಕಟ್ಟಿಕೊಳ್ಳುತ್ತಿದ್ದ. ಮಗಳು ನನ್ನನ್ನು ಪ್ರೀತಿಸುತ್ತಾಳೆ ಎನ್ನಲು ಅವನ ಬಳಿ ಇದ್ದ ಸಾಕ್ಷಿ ಅದೊಂದೇ. ಅವನ ಹೆಂಡತಿ ಸರ್ವಮಂಗಳಳ ಬಳಿ ಅದೂ ಇರಲಿಲ್ಲ. ಅಮ್ಮನ ಪಕ್ಕದಲ್ಲಿ ನಿಂತಾಗ ಹುಡುಗಿ ಗೋಡೆಗೋ ಬಾಗಿಲಿನ ಚೌಕಟ್ಟಿಗೋ ಬೆರಳಿಡುತ್ತಿದ್ದಳು.

ತೋಂಟದಾರ್ಯ ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರು. ಕೊಬ್ಬರಿ ಮಂಡಿಯ ತಕ್ಕಡಿಗಳಿಂದ ಹಿಡಿದು ಬಂಗಾರದಂಗಡಿಯ ಗಾಜಿನ ಪೆಟ್ಟಿಗೆಯ ಕಾಟಾದವರೆಗೆ ಎಲ್ಲವೂ ವರ್ಷಕ್ಕೊಮ್ಮೆ ಅವನ ಕಣ್ಣೆದುರು ಹಾದು, ಮುದ್ರೆ ಒತ್ತಿಸಿಕೊಂಡೇ ಮುಂದೆ ಹೋಗಬೇಕು. ಇಂಥ ತಕ್ಕಡಿಗೆ ಇಷ್ಟು ಹೆಚ್ಚುಕಮ್ಮಿ ನಡೆಯುತ್ತದೆ ಎಂದು ಕಾನೂನೇ ಒಂದಿಷ್ಟು ಸಡಿಲ ಕೊಟ್ಟಿದೆ. ತೋಂಟದಾರ್ಯ ಕೊಡುತ್ತಿರಲಿಲ್ಲ. “ಸೊನ್ನೆಗೆ ತನ್ನಿ, ಆಮೇಲೆ ಮಾತಾಡಿ,” ಎಂದು ವಾಪಸ್ಸು ಕಳಿಸುತ್ತಿದ್ದ. ಕಳ್ಳತನ ನುಸುಳುವುದೇ ಆ ಸಡಿಲದ ಸಂದಿಯಲ್ಲಿ ಎಂಬುದು ಇಪ್ಪತ್ತೆರಡು ವರ್ಷದ ನೌಕರಿ ಅವನಿಗೆ ಕಲಿಸಿದ ಪಾಠ. ಈ ಮನುಷ್ಯ ತನ್ನ ನೆರಳನ್ನೂ ತೂಗಿ ನೋಡಿಯಾನು ಎಂದು ಮಂಡಿಯವರು ಹಿಂದಿನಿಂದ ಆಡಿಕೊಳ್ಳುತ್ತಿದ್ದರು.

ಇಬ್ಬನಿ ಬೀಳುತ್ತಿದ್ದಳು. ಅದೇ ಅವರ ಮನೆಯ ದೊಡ್ಡ ಸಂಕಟ. ಆರನೆಯ ವಯಸ್ಸಿನಲ್ಲಿ ಬಿದ್ದು ಕೊರಳೆಲುಬು ಮುರಿದಿತ್ತು. ಎಂಟನೆಯ ವರ್ಷ ಶಾಲೆಯ ಬಚ್ಚಲುಮನೆಯ ಮೆಟ್ಟಿಲಲ್ಲಿ, ಕೈಗೆ ಗೋಡೆ ಸಿಗದ ಕಡೆ, ಮುಗ್ಗರಿಸಿ ಗದ್ದ ಸೀಳಿತು. ಆರು ಹೊಲಿಗೆ. ಆ ದಿನ ಆಸ್ಪತ್ರೆಯಲ್ಲಿ ಸರ್ವಮಂಗಳ ಸೆರಗಿನ ರಕ್ತ ತೊಳೆಯುತ್ತ ಹೇಳಿದಳು: “ಮೈಸೂರಲ್ಲಿ ಏನೋ ಹೊಸಾ ಪಟ್ಟಿ ಬಂದಿದೆಯಂತೆ ಕಣ್ರೀ. ಕಟ್ಟಿದ್ರೆ ಮಕ್ಳು ಬೀಳೋದೇ ಇಲ್ವಂತೆ. ಒಂದ್ಸಲ ಹೋಗಿ ಬರಾಣ. ಮುಂದಿನ್ಸಲ ತಲೆಗೇ ಏಟಾದ್ರೆ ನಾನಂತೂ ಬದುಕಿರಲ್ಲ.”

*

ಮೈಸೂರಿನ ಹೊರವಲಯದ ಆ ಸಂಶೋಧನಾಲಯದಲ್ಲಿ ಡಾಕ್ಟರ್ ರುಖಿಯಾ ಎಂಬಾಕೆ ಇದ್ದರು. ನಡುವಯಸ್ಸು, ತಲೆಯ ಮೇಲೆ ತಿಳಿನೀಲಿ ದುಪಟ್ಟಾ. ಮಕ್ಕಳ ಜೊತೆ ಮಾತು ಕಮ್ಮಿ, ಕಾಯುವುದು ಜಾಸ್ತಿ. ನೆಲದ ಮೇಲೊಂದು ಚೌಕದ ಹಲಗೆ ಇತ್ತು. ಇಬ್ಬನಿ ತಾನಾಗಿಯೇ ಅದರ ಮೇಲೆ ಹತ್ತುವವರೆಗೆ ಮುಕ್ಕಾಲು ಗಂಟೆ ಕಾದರು. ಹತ್ತಿದ ಕೂಡಲೇ ಪರದೆಯ ಮೇಲೆ ಒಂದು ಹಸಿರು ಗೆರೆ ಓಡಾಡತೊಡಗಿತು. ದೇಹದ ಭಾರ ಪಾದದ ಮೇಲೆ ಎಲ್ಲೆಲ್ಲಿ ಸರಿಯುತ್ತದೋ ಅಲ್ಲೆಲ್ಲ ಗೆರೆ ಹೋಗುತ್ತದೆ. ಅರ್ಧ ನಿಮಿಷಕ್ಕೆ ಪರದೆ ತುಂಬ ಸಿಕ್ಕುಬಿದ್ದ ದಾರ.

“ನೆಟ್ಟಗೆ ನಿಲ್ಲೋದು ಸುಲಭದ ಕೆಲಸ ಅಲ್ಲ ಸರ್,” ಎಂದರು ಡಾಕ್ಟರ್. “ಕಣ್ಣು ಒಂದು ಸುದ್ದಿ ತರುತ್ತೆ, ಕಿವಿಯೊಳಗಿನ ನೀರು ಇನ್ನೊಂದು, ಅಂಗಾಲು, ಕೀಲು ಮತ್ತೊಂದು. ಮಿದುಳು ಮೂರನ್ನೂ ಕೇಳಿ ತೀರ್ಮಾನ ಮಾಡ್ಬೇಕು. ಇವಳ ಮಿದುಳಿಗೆ ಯಾವ ಸುದ್ದಿನ ಎಷ್ಟು ನಂಬ್ಬೇಕು ಅನ್ನೋದು ಬೇಗ ಗೊತ್ತಾಗಲ್ಲ. ಅದಕ್ಕೇ ಓಲಾಡಿ ಓಲಾಡಿ ತನ್ನ ಮೈ ಎಲ್ಲಿದೆ ಅಂತ ಹುಡುಕ್ಕೋತಾಳೆ.”

ಆಮೇಲೆ ತೋಂಟದಾರ್ಯನ ಎಡ ಮಣಿಕಟ್ಟಿಗೆ ಕಾಗದದಷ್ಟು ತೆಳುವಾದ ಒಂದು ಚೀಟಿ ಅಂಟಿಸಿ, ಹಲಗೆಯ ಪಕ್ಕ ನಿಲ್ಲಿಸಿದರು. ಬೆರಳು ಬಂತು. ಎಂದಿನಂತೆ ಮೂಳೆಯ ಮೇಲೆ ಕೂತಿತು. ಪರದೆಯ ಮೇಲಿನ ಸಿಕ್ಕು ಕುಗ್ಗಿ ಕುಗ್ಗಿ ಅರ್ಧಕ್ಕಿಳಿಯಿತು.

“ನೋಡಿ, ಎಷ್ಟು ಒತ್ತಿದಾಳೆ ಅಂತ. ನಾಲ್ಕೇ ಗ್ರಾಂ.”

ನಾಲ್ಕು ಗ್ರಾಂ ಎಂದರೆ ಹೆಚ್ಚುಕಮ್ಮಿ ಒಂದು ರೂಪಾಯಿ ನಾಣ್ಯದ ತೂಕ. ಇಷ್ಟರಲ್ಲಿ ಯಾವ ಮೈಯೂ ಭಾರ ಹೊರಿಸಲಾರದು. ಆ ಬೆರಳು ಊರಿಕೊಳ್ಳಲು ಬಂದಿದ್ದಲ್ಲ, ತಾನೆಲ್ಲಿದ್ದೇನೆ ಎಂದು ಕೇಳಿ ತಿಳಿಯಲು ಬಂದಿದ್ದು ಎಂದು ಡಾಕ್ಟರ್ ವಿವರಿಸಿದರು. ತೂಕದ ಮನುಷ್ಯನಿಗೆ ಮೊದಲು ಸೋಜಿಗವಾಯಿತು. ಮರುಕ್ಷಣ ತನ್ನ ಮಣಿಕಟ್ಟನ್ನೇ ನೋಡಿಕೊಂಡ.

“ಹಂಗಾದ್ರೆ ಮೇಡಂ… ಇದು ಬರೀ ಆಸ್ರೆಗಾ? ನಾನು ಬೇರೆ ಏನೋ ಅನ್ಕೊಂಡಿದ್ದೆ.”

“ಆಸರೆನೋ ಪ್ರೀತಿನೋ ಅನ್ನೋದು ನನ್ನ ಯಂತ್ರಕ್ಕೆ ಗೊತ್ತಾಗಲ್ಲ ಸರ್. ಗ್ರಾಂ ಮಾತ್ರ ಗೊತ್ತಾಗುತ್ತೆ.”

ಪಟ್ಟಿಯ ಹೆಸರು ನೆಲೆಪಟ್ಟಿ. ಕತ್ತಿನ ಹಿಂದಿನಿಂದ ಬಂದು ಎರಡೂ ಕಿವಿಗಳ ಹಿಂದೆ ಬೊಟ್ಟಿನಂತೆ ಅಂಟುವಂಥದು. ಚಪ್ಪಲಿಯೊಳಗೊಂದು ತೆಳು ಹಾಳೆ. ಹಾಳೆ ಪಾದದ ಭಾರ ಸರಿಯುವುದನ್ನು ಹೇಳುತ್ತದೆ. ಪಟ್ಟಿ ಕಿವಿಯ ಹಿಂದೆ ಅರಿವಿಗೇ ಬಾರದಷ್ಟು ಸಣ್ಣ ವಿದ್ಯುತ್ತನ್ನು ಎದುರು ದಿಕ್ಕಿಗೆ ಹರಿಸಿ ಓಲಾಟವನ್ನು ಸರಿದೂಗಿಸುತ್ತದೆ. ಮೊದಲು ಪಟ್ಟಿಯನ್ನು ಮುಟ್ಟಿ, ಮೂಸಿ, ಬಾಯಿಗಿಟ್ಟು ಪರೀಕ್ಷಿಸಿ ಆದ ಮೇಲೆ ಇಬ್ಬನಿ ಕಟ್ಟಿಸಿಕೊಂಡಳು. ಹಲಗೆಯ ಮೇಲೆ ನಿಂತಳು. ಹಸಿರು ಸಿಕ್ಕು ಒಂದು ಸಾಸಿವೆಯಷ್ಟಾಗಿ ಕೂತುಬಿಟ್ಟಿತು. ಸರ್ವಮಂಗಳ ಬಾಯಿಗೆ ಸೆರಗು ಒತ್ತಿಕೊಂಡು ಅಳತೊಡಗಿದಳು.

ಹೊರಡುವಾಗ ಡಾಕ್ಟರ್ ತೋಂಟದಾರ್ಯನ ಫೋನಿನಲ್ಲಿ, ನೆಲೆಪಟ್ಟಿಯ ಶಕ್ತಿ ಏರಿಸಿ ಇಳಿಸುವ ಒಂದು ಅಳತೆಪಟ್ಟಿ ತೋರಿಸಿದರು. ಹತ್ತು ಎಂದರೆ ಅವಳ ಓಲಾಟ ಪೂರ್ತಿ ಅವಳದೇ, ಸೊನ್ನೆ ಎಂದರೆ ಒಂದಿಷ್ಟೂ ಉಳಿಯುವುದಿಲ್ಲ. “ಮೂರಕ್ಕೆ ಇಡಿ. ಬಸ್ಸು ಹತ್ತುವಾಗ, ಜನಜಂಗುಳೀಲಿ ಬೇಕಾದ್ರೆ ಅರ್ಧ ಗಂಟೆ ಸೊನ್ನೆ ಮಾಡ್ಕೊಳಿ, ಆಮೇಲೆ ಮತ್ತೆ ಮೂರು. ಅವಳ ಮೈಗೆ ಹುಡುಕೋ ಕೆಲಸ ಸ್ವಲ್ಪ ಇರ್ಲೇಬೇಕು. ಹುಡುಕೋದು ಪೂರ್ತಿ ನಿಂತ್ರೆ, ಈ ವಯಸ್ಸಲ್ಲಿ ಮಿದುಳು ಆ ದಾರಿನೇ ಮುಚ್ಚಿಬಿಡಬಹುದು. ಮೂರು ತಿಂಗಳಿಗೆ ಒಂದ್ಸಲ ತೋರಿಸ್ಕೊಂಡು ಹೋಗಿ.”

ತೋಂಟದಾರ್ಯ ಎಲ್ಲವನ್ನೂ ಕೇಳಿ, ತಲೆಯಾಡಿಸಿ, ಮೂರು ಕಡೆ ಸಹಿ ಹಾಕಿದ.

*

ಮೂರಕ್ಕೆ ಇಟ್ಟುಕೊಂಡು ಹನ್ನೊಂದು ದಿನ ಕಳೆಯಿತು. ಇಬ್ಬನಿ ಬೀಳಲಿಲ್ಲ. ಬೆರಳೂ ಬರುತ್ತಿತ್ತು, ಮುಂಚಿನಷ್ಟಲ್ಲದಿದ್ದರೂ ದಿನಕ್ಕೆ ನಾಲ್ಕೈದು ಬಾರಿ. ಹನ್ನೆರಡನೆಯ ದಿನ ಬೆಳಿಗ್ಗೆ ಹೊಸ್ತಿಲ ಬಳಿ ಅವಳು ಕೊಂಚ ವಾಲಿದಳು, ಚೌಕಟ್ಟಿಗೆ ಬೆರಳಿಟ್ಟು ಸುಧಾರಿಸಿಕೊಂಡಳು. ಏನೂ ಆಗಲಿಲ್ಲ. ಆದರೆ ತೋಂಟದಾರ್ಯನ ಕಣ್ಣ ಮುಂದೆ ಸೀಳಿದ ಗದ್ದ ಬಂದು ನಿಂತಿತು.

ಅಂದು ಮಂಡಿಯಲ್ಲಿ ಒಂದು ಕಾಟಾ ಐದು ಗ್ರಾಂ ಆಚೀಚೆ ತೋರಿಸುತ್ತಿತ್ತು. ಕಾನೂನಿನ ಪ್ರಕಾರ ಸರಿಯೇ. ಅವನು ಎಂದಿನಂತೆ ವಾಪಸ್ಸು ಕಳಿಸಿದ. ಸಂಜೆ ಮನೆಗೆ ಬಂದು ಬೂಟು ಬಿಚ್ಚುವ ಮುಂಚೆಯೇ ಫೋನು ತೆಗೆದು ಮೂರನ್ನು ಸೊನ್ನೆಗೆ ತಂದ.

“ಡಾಕ್ಟ್ರಮ್ಮ ಮೂರು ಅಂದಿದ್ರಲ್ರೀ?” ಎಂದಳು ಸರ್ವಮಂಗಳ.

“ಅವ್ರು ಒಂದು ಹುಷಾರಿಗೆ ಅಂತ ಹೇಳಿರ್ತಾರೆ ಕಣೇ. ತಪ್ಪು ಅಂದ್ಮೇಲೆ ಮೂರೇನು, ಒಂದೇನು? ಸೊನ್ನೆಗೆ ಬರೋ ಹಂಗಿದ್ರೆ ಸೊನ್ನೆಗೇ ತರ್ಬೇಕು.”

ದುರಾಸೆಯಿಂದ ಮಾಡಿದ್ದಲ್ಲ, ಉಡಾಫೆಯಿಂದಲೂ ಅಲ್ಲ. ತನಗೆ ಗೊತ್ತಿದ್ದ ಒಂದೇ ಒಳ್ಳೆಯತನವನ್ನು ಆ ಮನುಷ್ಯ ತನ್ನ ಮಗಳಿಗೂ ಮಾಡಿದ.

ಮುಂದಿನ ದಿನಗಳು ಆ ಮನೆ ಹಿಂದೆಂದೂ ಕಾಣದ ದಿನಗಳು. ಇಬ್ಬನಿ ತಾರಸಿಯ ಮೆಟ್ಟಿಲನ್ನು ಒಬ್ಬಳೇ ಹತ್ತಿದಳು, ಇಳಿದಳು, ಮತ್ತೆ ಹತ್ತಿದಳು. ಒಂದು ಭಾನುವಾರ ಬೆಳಗಿನಿಂದ ಊಟದ ಹೊತ್ತಿನವರೆಗೆ ಅದೇ ಆಟ. ಒಂಟಿ ಕಾಲಲ್ಲಿ ನಿಂತು ಇನ್ನೊಂದು ಕಾಲಿಗೆ ಚಪ್ಪಲಿ ಹಾಕಿಕೊಂಡಳು. ಶಾಲೆಯ ಪ್ರಾರ್ಥನೆಯ ಸಾಲಿನಲ್ಲಿ ಕಂಬದ ಹಾಗೆ ನಿಂತಳಂತೆ, ಟೀಚರ್ ಫೋನು ಮಾಡಿ ಹೇಳಿದರು. ಬೀದಿಯವರು “ಏನು ಇನ್ಸ್‌ಪೆಕ್ಟ್ರೇ, ಬಾಲ ಕಳ್ಚಿಬಿತ್ತಲ್ಲ!” ಎಂದು ತಮಾಷೆ ಮಾಡಿದರು. ಅವನೂ ನಕ್ಕ.

ನಕ್ಕವನು ಆ ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಮಗಳ ಪಕ್ಕ ನಿಂತು ಎಡಗೈಯನ್ನು ಮೆಲ್ಲಗೆ ಅವಳ ಕಡೆ ಸರಿಸಿದ. ಇಬ್ಬನಿ ಒಂದು ಮೊಳ ದೂರ ನಿಂತು, ಎರಡೂ ಕೈ ಇಳಿಬಿಟ್ಟು, ಬಸ್ಸಿನ ಚಕ್ರ ನೋಡುತ್ತಿದ್ದಳು. ಇನ್ನೂ ಒಂದಿಷ್ಟು ಸರಿಸಿದ. ಅವಳು ಅಷ್ಟೇ ದೂರ ಸರಿದು ನಿಂತಳು. ಬೆರಳು ಬಂದು ಎಷ್ಟು ದಿನವಾಯಿತು ಎಂದು ಲೆಕ್ಕ ಹಾಕಲು ಹೋದ, ನೆನಪಾಗಲಿಲ್ಲ. ದಿನಾ ಬರುತ್ತಿದ್ದದ್ದು ನಿಂತುಹೋದ ದಿನವನ್ನು ಯಾರೂ ಗುರುತು ಹಾಕಿಟ್ಟುಕೊಳ್ಳುವುದಿಲ್ಲ. ಬೀಳುತ್ತಿಲ್ಲವಲ್ಲ, ಅಷ್ಟು ಸಾಕು, ನನ್ನ ಸ್ವಾರ್ಥಕ್ಕೆ ಬೆಂಕಿ ಬೀಳಲಿ ಎಂದು ತನ್ನನ್ನೇ ಗದರಿಕೊಂಡ. ಎಲ್ಲ ಚೆನ್ನಾಗಿದೆಯೆಂದು ಮೂರು ತಿಂಗಳ ತಪಾಸಣೆಯನ್ನೂ ಮುಂದೂಡಿದ. ಹೋದದ್ದು ಎಂಟನೆಯ ತಿಂಗಳಿಗೆ.

*

ಡಾಕ್ಟರ್ ರುಖಿಯಾ ನೆಲೆಪಟ್ಟಿ ಬಿಚ್ಚಿ ಇಬ್ಬನಿಯನ್ನು ಹಲಗೆಯ ಮೇಲೆ ಬಿಟ್ಟರು. ಗೆರೆ ಪರದೆಯ ಅಂಚಿನವರೆಗೆ ಓಡಿತು. ಮುಂಚಿಗಿಂತ ಹೆಚ್ಚು. ಅವರು ಹುಬ್ಬು ಗಂಟಿಕ್ಕಿ, “ಸರ್, ನೀವು ಬಂದು ಪಕ್ಕದಲ್ಲಿ ನಿಂತ್ಕೊಳಿ,” ಎಂದರು.

ತೋಂಟದಾರ್ಯ ಹೋಗಿ ನಿಂತ. ಮಣಿಕಟ್ಟು ಅವಳ ಬೆರಳಿಗೆ ಎರಡು ಅಂಗುಲ ದೂರದಲ್ಲಿತ್ತು. ಇಬ್ಬನಿ ಓಲಾಡಿದಳು, ಕಾಲು ಅಗಲಿಸಿದಳು, ಮುಖ ಬಿಳಿಚಿಕೊಂಡಿತು. ಕೈಗಳು ಮಾತ್ರ ಎರಡು ಪಕ್ಕೆಗೆ ಹೊಲಿದಿಟ್ಟಂತೆ ಹಾಗೇ ಇದ್ದವು. ಬೀಳುತ್ತೇನೆಂದು ಮೈಗೆ ಗೊತ್ತಾದರೂ ಕೈಗೆ ಏನು ಮಾಡಬೇಕೆಂದು ಗೊತ್ತಾಗಲಿಲ್ಲ. ಇನ್ನೇನು ಮುಗ್ಗರಿಸಬೇಕು ಎನ್ನುವಾಗ ಡಾಕ್ಟರ್ ಹಿಡಿದುಕೊಂಡರು. ಇಬ್ಬನಿ ಕಿರುಚಿ ಅವರ ಕೈ ಬಿಡಿಸಿಕೊಂಡು ಮೂಲೆಗೆ ಹೋಗಿ ಕೂತಳು.

ಅವರು ಪಟ್ಟಿಯೊಳಗಿನ ದಾಖಲೆಯನ್ನು ತೆರೆದು ನೋಡಿದರು. ತುಂಬ ಹೊತ್ತು ನೋಡಿದರು.

“ಏಳು ತಿಂಗಳ ಮೇಲಾಯ್ತು, ಸೊನ್ನೆಲೇ ಇದೆ.”

“ನಾನೇ ಇಟ್ಟಿದ್ದು ಮೇಡಂ.”

ಡಾಕ್ಟರ್ ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ತೋಂಟದಾರ್ಯನೇ ಮಾತಾಡಿದ. “ನಾನು ಹಳೇ ತಕ್ಕಡಿ ತಪಾಸಣೆ ಮಾಡೋವಾಗ ಮೊದ್ಲು ತಟ್ಟೇನ ಬೆರಳಲ್ಲಿ ತಟ್ಟಿ ನೋಡ್ತೀನಿ ಮೇಡಂ. ಅದು ಅಲ್ಲಾಡ್ಬೇಕು. ಅಲ್ಲಾಡಿ ಅಲ್ಲಾಡಿ ತಾನೇ ನಿಲ್ಬೇಕು. ಅಲ್ಲಾಡ್ದೇ ನಿಂತಿದ್ರೆ ಎಲ್ಲೋ ಕಚ್ಕೊಂಡಿದೆ ಅಂತ ಅರ್ಥ, ಅದಕ್ಕೆ ಮುದ್ರೆ ಹಾಕಲ್ಲ. ಇಪ್ಪತ್ತೆರಡು ವರ್ಷದಿಂದ ನಂಗೆ ಇದು ಗೊತ್ತು. ನನ್ನ ಮಗಳ ವಿಷ್ಯದಲ್ಲಿ ಗೊತ್ತಾಗ್ಲಿಲ್ಲ ನೋಡಿ.”

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಹಾಗೆ.

“ಮತ್ತೆ ಬರುತ್ತಾ, ಆ ಬೆರಳು?”

“ಗೊತ್ತಿಲ್ಲ ಸರ್. ನಿಧಾನಕ್ಕೆ ಮೂರಕ್ಕೆ ತರೋಣ, ಐದಕ್ಕೆ ತರೋಣ. ಕಾಲಿಗೆ ಶಕ್ತಿ ಬರುತ್ತೆ, ಕಣ್ಣಿನ ಸಹಾಯ ತಗೊಳೋದು ಕಲೀತಾಳೆ. ಬೆರಳಿನ ದಾರಿ ಮಾತ್ರ… ಸುಳ್ಳು ಹೇಳಲ್ಲ ನಿಮಗೆ.”

ಅವನು ಕೇಳಬಾರದೆಂದುಕೊಂಡಿದ್ದನ್ನು ಕೇಳಿಯೇಬಿಟ್ಟ. “ಅಲ್ಲ ಮೇಡಂ, ಅದ್ರಲ್ಲಿ ಪ್ರೀತಿ ಅನ್ನೋದು ಒಂಚೂರಾದ್ರೂ ಇದ್ದಿದ್ರೆ ಉಳ್ಕೋಬೇಕಿತ್ತಲ್ವಾ?”

“ಪ್ರೀತಿನೂ ಯಾವುದೋ ಒಂದು ದಾರೀಲೇ ಬರ್ಬೇಕಲ್ವಾ ಸರ್? ನಮಗೆ ಮಾತಿದೆ, ಮುಖ ನೋಡೋದಿದೆ, ನೂರು ದಾರಿ ಇದೆ. ಅವಳಿಗೆ ಎಷ್ಟು ಇತ್ತೋ.” ಅಷ್ಟು ಹೇಳಿ ಡಾಕ್ಟರ್ ರುಖಿಯಾ ಎದ್ದು ಹೋಗಿ ಮೂಲೆಯಲ್ಲಿ, ಇಬ್ಬನಿಯನ್ನು ಮುಟ್ಟದ ಹಾಗೆ, ನೆಲದ ಮೇಲೆ ಕೂತರು.

ತಿಪಟೂರಿಗೆ ವಾಪಸ್ಸು ಬರುವಾಗ ಕಾರು ಕೆ.ಆರ್. ಪೇಟೆ ದಾಟಿತು. ಸರ್ವಮಂಗಳ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದಳು.

“ನನ್ನ ಹತ್ರ ನಿಂತಾಗ ಅವ್ಳು ಗೋಡೆ ಮುಟ್ತಿದ್ಲು. ನಾನು ಒಂಬತ್ತು ತಿಂಗ್ಳು ಹೊತ್ತು ಹೆತ್ತೋಳು, ನನಗಿಂತ ಗೋಡೆನೇ ವಾಸಿ ಅಂತಿದ್ಲು. ಆದ್ರೂ ನಿಮ್ಮ ಕೈ ಮೇಲೆ ಆ ಬೆರಳು ನೋಡ್ದಾಗೆಲ್ಲ, ಹೋಗ್ಲಿ, ಮನೇಲಿ ಒಬ್ಬರಿಗಾದ್ರೂ ಸಿಕ್ತಲ್ಲ ಅಂತ ನಂಗೆ ಸಮಾಧಾನ ಆಗ್ತಿತ್ತು. ನಮ್ಮಿಬ್ರಿಗೂ ಸೇರಿ ಇದ್ದಿದ್ದು ಅದೊಂದೇ ಕಣ್ರೀ. ಇದ್ದೊಂದನ್ನೂ ಕಳ್ಕೊಂಡು ಕೂತ್ರಲ್ಲ.”

ತೋಂಟದಾರ್ಯನಿಗೆ ದಾರಿ ಮಸುಕಾಯಿತು. ಕಾರನ್ನು ಪಕ್ಕಕ್ಕೆ ಹಾಕಿ, ಸ್ಟಿಯರಿಂಗಿಗೆ ಹಣೆ ಕೊಟ್ಟು ಅತ್ತ. ಹಿಂದಿನ ಸೀಟಿನಲ್ಲಿ ಇಬ್ಬನಿ ಕಿಟಕಿ ಗಾಜನ್ನು ನಾಲಿಗೆಯಿಂದ ನೆಕ್ಕಿ ನೋಡುತ್ತಿದ್ದಳು.

*

ಮೂರಕ್ಕೆ ತಂದರು. ತಿಂಗಳು ಬಿಟ್ಟು ಐದಕ್ಕೆ ತಂದರು. ದಿನಾ ಸಂಜೆ ಐದು ಗಂಟೆಗೆ ತೋಂಟದಾರ್ಯ ಕಚೇರಿಯಿಂದ ನೇರ ಬಂದು ಹಜಾರದಲ್ಲಿ ಮಗಳ ಪಕ್ಕ ನಿಲ್ಲುತ್ತಿದ್ದ. ಇಬ್ಬನಿ ಓಲಾಡುತ್ತಿದ್ದಳು, ಕಾಲು ಅಗಲಿಸಿ ಹಿಮ್ಮಡಿ ಊರುತ್ತಿದ್ದಳು, ಎದುರು ಗೋಡೆಯ ಕ್ಯಾಲೆಂಡರಿನ ಮೇಲೆ ಕಣ್ಣು ನೆಟ್ಟು ಸುಧಾರಿಸಿಕೊಳ್ಳುತ್ತಿದ್ದಳು. ಡಾಕ್ಟರ್ ಹೇಳಿದ ಹಾಗೆ ಕಾಲು ಕಲಿಯುತ್ತಿತ್ತು, ಕಣ್ಣು ಕಲಿಯುತ್ತಿತ್ತು. ಕೈ ಮಾತ್ರ ಇಳಿಬಿದ್ದಲ್ಲೇ ಇರುತ್ತಿತ್ತು.

ಒಂದು ಶನಿವಾರ ಮಧ್ಯಾಹ್ನ ಅವನು ಮಾಡಬಾರದ್ದನ್ನು ಮಾಡಿದ. ಸರ್ವಮಂಗಳ ಹಿಟ್ಟಿನ ಗಿರಣಿಗೆ ಹೋಗಿದ್ದಳು. ಅವನು ಮನೆಯಲ್ಲಿದ್ದ ಹಾಸಿಗೆಗಳನ್ನೆಲ್ಲ ಹಜಾರಕ್ಕೆ ಎಳೆದು ತಂದು ನೆಲದ ತುಂಬ ಹಾಸಿದ. ಮಗಳನ್ನು ನಡುವೆ ನಿಲ್ಲಿಸಿ, ತಾನು ಪಕ್ಕದಲ್ಲಿ ನಿಂತು, ಎಡಗೈ ಮುಂದೆ ಚಾಚಿ, ಬಲಗೈಯ ಫೋನಿನಲ್ಲಿ ಐದನ್ನು ಹತ್ತು ಮಾಡಿದ.

“ಮುಟ್ಟು ಪುಟ್ಟಿ. ಇಲ್ಲೇ ಇದೀನಿ ನೋಡು. ಮುಟ್ಟು.”

ಇಬ್ಬನಿ ಬಿರುಗಾಳಿಗೆ ಸಿಕ್ಕವಳಂತೆ ವಾಲಿದಳು. ಚಾಚಿದ ಕೈ ಅವಳ ಎದೆಯ ಮಟ್ಟದಲ್ಲೇ ಇತ್ತು. ಅದನ್ನು ದಾಟಿ, ಕೈ ಇಳಿಬಿಟ್ಟುಕೊಂಡೇ, ಮುಖ ಅಡಿಯಾಗಿ ಹಾಸಿಗೆಯ ಮೇಲೆ ಬಿದ್ದಳು. ಏಟಾಗಲಿಲ್ಲ. ಅಳಲೂ ಇಲ್ಲ. ಎದ್ದು ಕೂತು ಎರಡೂ ಅಂಗೈಯನ್ನು ಹಾಸಿಗೆಗೆ ಒತ್ತಿಹಿಡಿದು, ಆಮೇಲೆ ಆ ದಿನವೆಲ್ಲ ಏಳಲೇ ಇಲ್ಲ. ಊಟವನ್ನೂ ಅಲ್ಲೇ ಮಾಡಿದಳು. ತೋಂಟದಾರ್ಯ ಮತ್ತೆ ಐದಕ್ಕೆ ಇಟ್ಟು, ಫೋನಿನಲ್ಲಿದ್ದ ಆ ಅಳತೆಪಟ್ಟಿಯ ಗುಪ್ತಪದವನ್ನು ಹೆಂಡತಿಯ ಕೈಯಲ್ಲಿ ಬದಲು ಮಾಡಿಸಿ, ತನಗೆ ಹೇಳಬೇಡವೆಂದ. ಆ ರಾತ್ರಿ ಅವಳು ಹಜಾರದ ತುಂಬ ಇದ್ದ ಹಾಸಿಗೆಗಳನ್ನು ಒಂದೊಂದಾಗಿ ಮಡಿಸಿ ಒಳಗಿಟ್ಟಳು.

ಸೋಮವಾರ ಬೆಳಿಗ್ಗೆ ಇಬ್ಬನಿ ಶಾಲೆಗೆ ತಯಾರಾಗಿ, ಅಡುಗೆಮನೆಯ ಕಟ್ಟೆಯ ಪಕ್ಕ ನಿಂತು ಸ್ಟೀಲು ಲೋಟದಲ್ಲಿ ರಾಗಿಮಾಲ್ಟ್ ಕುಡಿಯುತ್ತಿದ್ದಳು. ಕುಡಿಯುವಾಗ ಒಂದಿಷ್ಟು ಓಲಾಟವಿತ್ತು, ಅದೂ ಚೆನ್ನಾಗಿಯೇ ಇತ್ತು. ತೋಂಟದಾರ್ಯ ಬಂದು ಎದುರಿಗೆ ನಿಂತ. ಪರೀಕ್ಷೆಗೆಂದಲ್ಲ, ಏನನ್ನೂ ನಿರೀಕ್ಷಿಸಿ ಅಲ್ಲ. ಎಷ್ಟೋ ವರ್ಷದ ರೂಢಿ, ಎಡಗೈ ತಾನಾಗಿಯೇ ಮುಂದೆ ಬಂತು.

ಇಬ್ಬನಿ ಆ ಕೈಯನ್ನು ನೋಡಿದಳು. ಕುಡಿಯುವುದನ್ನು ನಿಲ್ಲಿಸಿ ನೋಡಿದಳು. ಒಲೆಯ ಮುಂದಿದ್ದ ಸರ್ವಮಂಗಳ ದೋಸೆಯ ಸೌಟನ್ನು ಹಾಗೇ ಹಿಡಿದುಕೊಂಡು ತಿರುಗಿದಳು. ಹುಡುಗಿ ಉಳಿದದ್ದನ್ನು ಒಂದೇ ಗುಟುಕಿಗೆ ಮುಗಿಸಿ, ತುಟಿ ಒರೆಸಿಕೊಂಡು, ಕೈ ಚಾಚಿ ನಿಂತವನಿಗೆ ಏನು ಬೇಕಿರಬಹುದೆಂದು ತನಗೆ ತಿಳಿದ ಹಾಗೆ, ಖಾಲಿ ಲೋಟವನ್ನು ಅವನ ಅಂಗೈಯಲ್ಲಿಟ್ಟಳು. ತನ್ನ ಬೆರಳು ಅವನಿಗೆ ತಾಗದ ಹಾಗೆ ಬಲು ಜೋಪಾನವಾಗಿ ಇಟ್ಟಳು. ಚೀಲ ಹೆಗಲಿಗೇರಿಸಿ, ಹೊಸ್ತಿಲು ದಾಟಿ, ಮೂರು ಮೆಟ್ಟಿಲು ಇಳಿದು ಶಾಲೆಯ ವ್ಯಾನಿನ ಕಡೆ ನಡೆದಳು.

ಲೋಟದ ಸುತ್ತ ಅವಳು ಹಿಡಿದಿದ್ದ ಕಡೆ ಇನ್ನೂ ಬೆಚ್ಚಗಿತ್ತು. ತೋಂಟದಾರ್ಯ ಎರಡೂ ಕೈಯಲ್ಲಿ ಅದನ್ನು ಹಿಡಿದುಕೊಂಡು ನಿಂತ. ಬೀದಿಯಲ್ಲಿ ವ್ಯಾನು ಹೊರಟ ಸದ್ದಾಯಿತು.

“ಕೊಡ್ರೀ ಇಲ್ಲಿ, ತೊಳ್ದಿಡ್ತೀನಿ,” ಎಂದಳು ಸರ್ವಮಂಗಳ.

“ಇರು ಮಂಗಳಾ,” ಎಂದ ಅವನು. “ಆರೋವರ್ಗೂ ಇರ್ಲಿ.”